ಸಹಾಯ ಬೇಕು: ‘ಓಪನಿಂಗ್’ಗೆ ಒಂದು ಎನ್, ‘ಬಿಗಿನಿಂಗ್’ಗೆ ಎರಡು ಯಾಕೆ?

ನಮಸ್ಕಾರ. ಕನ್ನಡ ಮಾಧ್ಯಮದ 7ನೇ ತರಗತಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. ಸ್ಪೆಲ್ಲಿಂಗ್‌ನಲ್ಲಿ ಒಂದು ಕಡೆ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೀನಿ.

ನಮ್ಮ ಮಕ್ಕಳಿಗೆ ಒತ್ತಕ್ಷರ ಅಂದ್ರೆ ಒತ್ತಿ ಹೇಳೋದು. ಹಾಗಾಗಿ ‘ಡಿನ್ನರ್’ನಲ್ಲಿ ಎರಡು ಎನ್ ಕಂಡ್ರೆ ಒತ್ತಿಯೇ ಓದ್ತಾರೆ. ಇಂಗ್ಲಿಷ್‌ನಲ್ಲಿ ಆ ಎರಡನೇ ಅಕ್ಷರ ಒತ್ತೋದಕ್ಕಲ್ಲ, ಹಿಂದಿನ ಸ್ವರ ಹ್ರಸ್ವ ಅಂತ ತೋರಿಸೋದಕ್ಕೆ ಅಂತ ‘ಹಾಪಿಂಗ್’, ‘ಹೋಪಿಂಗ್’ ಪಕ್ಕಪಕ್ಕ ಬರೆದು ತೋರಿಸಿದೆ. ಮೊದಲನೆಯದಕ್ಕೆ ಎರಡು ಪಿ, ಎರಡನೆಯದಕ್ಕೆ ಒಂದೇ. ಚೆನ್ನಾಗಿ ಅರ್ಥವಾಯ್ತು. ‘ರನ್ನಿಂಗ್’, ‘ಸಿಟ್ಟಿಂಗ್’ ಎಲ್ಲ ಸರಿಯಾಗಿ ಬರೆದ್ರು.

ಎಡವಿದ್ದು ಉದ್ದ ಪದಗಳಲ್ಲಿ. ‘ಬಿಗಿನಿಂಗ್’ಗೆ ಎರಡು ಎನ್, ‘ಓಪನಿಂಗ್’ಗೆ ಒಂದೇ. ‘ಬಿಗಿನ್’ನಲ್ಲಿ ಒತ್ತು (ಒತ್ತಕ್ಷರದ ಒತ್ತಲ್ಲ, ಇಂಗ್ಲಿಷ್‌ನ ‘ಸ್ಟ್ರೆಸ್’, ಅಂದ್ರೆ ಪದದ ಒಂದು ಭಾಗವನ್ನ ಜೋರಾಗಿ ಹೇಳೋದು) ಕೊನೆಗೆ, ‘ಓಪನ್’ನಲ್ಲಿ ಮೊದಲಿಗೆ ಬೀಳುತ್ತೆ, ಅದಕ್ಕೇ ಹೀಗೆ. ಆದ್ರೆ ಆ ಒತ್ತು ಮಕ್ಕಳ ಕಿವಿಗೆ ಬೀಳೋದೇ ಇಲ್ಲ. (ನಿಜ ಹೇಳ್ಬೇಕಂದ್ರೆ ನನ್ನ ಬಾಯಲ್ಲೂ ಎರಡೂ ಒಂದೇ ಥರ ಬರುತ್ತೆ!) ಚಪ್ಪಾಳೆ ತಟ್ಟಿಸಿದೆ, ಎಲ್ಲ ಅಕ್ಷರಕ್ಕೂ ಒಂದೇ ಜೋರಲ್ಲಿ ತಟ್ಟಿದ್ರು. ಉಕ್ತಲೇಖನ ಕೊಟ್ಟೆ, ಊಹೆ ಮಾಡಿ ಬರೆದ್ರು. ಇದರ ಮೇಲೆ ‘ಟ್ರಾವೆಲಿಂಗ್’ ಬೇರೆ: ಒತ್ತು ಮೊದಲಿಗೇ ಇದ್ರೂ ಬ್ರಿಟಿಷ್ ರೂಢಿಯಲ್ಲಿ ಎರಡು ಎಲ್.

ಕನ್ನಡದ ಕಿವಿಗೆ ಈ ಒತ್ತು ಕೇಳಿಸೋ ಹಾಗೆ ಮಾಡೋಕೆ ತರಗತಿಯಲ್ಲಿ ಯಾರಾದ್ರೂ ಏನಾದ್ರೂ ಮಾಡಿ ನೋಡಿದ್ದೀರಾ? ಇಲ್ಲಾ, ಈ ವಯಸ್ಸಿಗೆ ನಿಯಮ ಬಿಟ್ಟು ಇಂಥ ಪದಗಳ ಪಟ್ಟಿ ಬಾಯಿಪಾಠ ಮಾಡಿಸೋದೇ ಸರಿಯಾ?