ಪಂಪ್ ನಿಂತರೆ ರಿಯಾಕ್ಟರ್ ತಾನೇ ಆರುತ್ತಾ? ವಿಜಯಪುರದ ಗುಂಪಿನಲ್ಲಿ ನಿವೃತ್ತ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಸಿಂದಗಿ ಮಾಸ್ತರು: ನಮಸ್ಕಾರ ಸರ್. ತಮಿಳುನಾಡಿನ ಕಲ್ಪಾಕ್ಕಂನ ಅಣು ರಿಯಾಕ್ಟರ್‌ನಲ್ಲಿ ಶಾಖ ಹೊರತರಲು ನೀರಿನ ಬದಲು ಕರಗಿದ ಸೋಡಿಯಂ ಓಡಿಸುತ್ತಾರಂತೆ. ಪಂಪ್ ನಿಂತು, ಗುಂಡಿ ಒತ್ತೋರೂ ಇಲ್ಲ ಅಂದರೆ?

ಇಂಜಿನಿಯರ್: ಒಳ್ಳೆ ಪ್ರಶ್ನೆ ಮಾಸ್ತರ. ಅಮೆರಿಕದ ಐಡಾಹೊದಲ್ಲಿ ಇದನ್ನೇ ಬೇಕಂತ ಮಾಡಿ ನೋಡಿದ್ದಾರೆ. 1986ರ ಏಪ್ರಿಲ್ 3, ಇಬಿಆರ್-2 ರಿಯಾಕ್ಟರ್. ಪೂರ್ತಿ ಶಕ್ತಿಯಲ್ಲಿ ಓಡುವಾಗ ಪಂಪ್ ನಿಲ್ಲಿಸಿದರು. ಅಣು ಕ್ರಿಯೆ ನಿಲ್ಲಿಸುವ ರಾಡ್ ತಾನಾಗಿ ಇಳಿಯದಂತೆ ತಡೆದೂ ಇಟ್ಟಿದ್ದರು. ಸೋಡಿಯಂ ಕಾದಿತು. ಕಮ್ಮಾರ ಕಾಯಿಸಿದ ಗಾಡಿ ಚಕ್ರದ ಪಟ್ಟಿಯ ಹಾಗೆ ಒಳಗಿನ ಲೋಹ ಹಿಗ್ಗಿತು. ಇಂಧನದ ಕಟ್ಟುಗಳು ದೂರ ಸರಿದವು, ಕ್ರಿಯೆ ಮುಂದುವರಿಸುವ ನ್ಯೂಟ್ರಾನ್ ಕಣಗಳು ಇಂಧನದಿಂದಾಚೆ ಜಾಸ್ತಿ ಸೋರಿದವು, ಶಕ್ತಿ ತಾನೇ ಇಳಿಯಿತು. ಸೋಡಿಯಂ ಕುದಿಯೋದು 883 ಡಿಗ್ರಿಗೆ. ಅಲ್ಲಿಯವರೆಗೆ ಹೋಗಲೇ ಇಲ್ಲ. ಮಧ್ಯಾಹ್ನ ಶಾಖ ಹೊರಹೋಗುವ ದಾರಿ ಮುಚ್ಚಿ ನೋಡಿದರು. ಆಗಲೂ ಇಳಿಯಿತು.

ಆದರೆ ಇದನ್ನು ಕಲ್ಪಾಕ್ಕಂಗೆ ಹಾಗೇ ಅಂಟಿಸಬೇಡಿ. ಐಡಾಹೊದ್ದು ಲೋಹದ ಇಂಧನ, ಶಾಖ ಬೇಗ ಬಿಟ್ಟುಕೊಡುತ್ತದೆ. ನಮ್ಮ 500 ಮೆಗಾವ್ಯಾಟಿನದ್ದು ಆಕ್ಸೈಡ್ ಇಂಧನ. ಇಂಧನ ಕಡ್ಡಿಯ ನಡುಭಾಗ ವಿಪರೀತ ಬಿಸಿ. ಅದು ತಣ್ಣಗಾಗತೊಡಗಿದರೆ ಕ್ರಿಯೆಯನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ರಾಡ್ ಬೇಕೇ ಬೇಕು. ಅಲ್ಲಿ ಅದಕ್ಕೆ ಎರಡು ಪ್ರತ್ಯೇಕ ವ್ಯವಸ್ಥೆ ಇವೆ. ಆರಿದ ಕೂಡಲೇ ಶಾಖ ಸೊನ್ನೆ ಆಗೋದೂ ಇಲ್ಲ, ಶೇ. 6ರಷ್ಟು ಉಳಿದಿರುತ್ತದೆ. ಅದನ್ನು ತೆಗೆಯಲು ಸೋಡಿಯಂ ಸುತ್ತುವ ಬೇರೆ 4 ಕೊಳವೆ ಸುತ್ತು ಇವೆ. ಬಿಸಿ ಸೋಡಿಯಂ ತಾನೇ ಮೇಲೇರಿ, ಚಿಮಣಿಯ ಗಾಳಿಗೆ ತಣಿದು, ತಾನೇ ಇಳಿಯುತ್ತದೆ.

ಇಂಡಿ: ಕೂಡಗಿಯಲ್ಲೂ ಇದೇನಾ ಸರ್?

ಇಂಜಿನಿಯರ್: ಅದು ಕಲ್ಲಿದ್ದಲು.

ಮುದ್ದೇಬಿಹಾಳ: ಫಾರ್ವರ್ಡ್ ಬಂದಿದೆ. "ವಿಕಿರಣ ಸೋರಿದರೆ ಗಾಯಕ್ಕೆ ಹಚ್ಚುವ ಅಯೋಡಿನ್ ನೀರಲ್ಲಿ ಹಾಕಿ ಕುಡಿಯಿರಿ. ಸೋಡಿಯಂ ಬೆಂಕಿಗೆ ಒದ್ದೆ ಗೋಣಿ ಹೊದಿಸಿ. ಎಲ್ಲರಿಗೂ ಹಂಚಿ."

ಇಂಜಿನಿಯರ್: ಹಂಚಬೇಡಿ, ಅಳಿಸಿ. ಹಚ್ಚೋ ಔಷಧಿ ಕುಡಿಯೋಕಲ್ಲ. ಅಯೋಡಿನ್ ಮಾತ್ರೆ ಬೇರೆ. ಅದು ಕಾಯೋದು ಥೈರಾಯ್ಡ್ ಒಂದನ್ನೇ, ಅದೂ ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು. ಒದ್ದೆ ಗೋಣಿ ಬರೆದ ಮಹಾನುಭಾವರು ಸೋಡಿಯಂ ಕಂಡೇ ಇಲ್ಲ. ನೀರು ತಾಗಿದರೆ ಹೈಡ್ರೋಜನ್ ಎದ್ದು ಸಿಡಿಯುತ್ತದೆ. ಉರಿ ಗಿಡ್ಡ, ಬಿಳಿ ಹೊಗೆ ದಟ್ಟ, ಉಸಿರೆಳೆದರೆ ಗಂಟಲು ಸುಡುತ್ತದೆ. ಅದಕ್ಕೆಂದೇ ಇರುವ ಒಣ ಪುಡಿ ಸುರಿದು ಗಾಳಿ ತಪ್ಪಿಸಬೇಕು.

ಬಾಗೇವಾಡಿ: ಮತ್ತೆ ಸುರಕ್ಷಿತ ಅನ್ನೋದು ಸುಳ್ಳಲ್ವಾ? 1995ರಲ್ಲಿ ಜಪಾನಿನ ಮೊಂಜು ರಿಯಾಕ್ಟರ್‌ನಲ್ಲಿ ಸೋಡಿಯಂ ಸೋರಿ ಹೊತ್ತಿಕೊಂಡಿತ್ತು.

ತಾಳಿಕೋಟೆ: ಅದು ಎರಡನೇ ಸುತ್ತಿನ, ಅಂದರೆ ಇಂಧನದ ಹತ್ತಿರ ಹೋಗದ ಸೋಡಿಯಂ, ವಿಕಿರಣ ಹೊರಬರಲಿಲ್ಲ. ಅರ್ಧ ಓದಿ ಬರಬೇಡ.

ಬಾಗೇವಾಡಿ: ಸೋರಿದ ಜಾಗದ ವಿಡಿಯೊ ನಡೆಸೋರೇ ಮುಚ್ಚಿಟ್ಟಿದ್ದರಲ್ಲ, ಅದೂ ಎರಡನೇ ಸುತ್ತಾ? ನೀನು ಪೂರ್ತಿ ಓದು.

ತಾಳಿಕೋಟೆ: ಇಲ್ಲಿ ಮಾತಾಡ್ತಿರೋದು ಭೌತಶಾಸ್ತ್ರ.

ಬಾಗೇವಾಡಿ: ನಡೆಸೋರನ್ನು ಬಿಟ್ಟು ಎಂಥ ಭೌತಶಾಸ್ತ್ರ?

ಇಂಜಿನಿಯರ್: ಇಬ್ಬರೂ ಹೇಳಿದ್ದು ಸರಿ. ಏಕವಚನ ನಿಲ್ಲಿಸಿ.

ದೇವರ ಹಿಪ್ಪರಗಿ: ಸರ್, ಯೂನಿಟ್‌ಗೆ ಎಷ್ಟು ಬೀಳುತ್ತೆ?

ಚಡಚಣ: ಕೈಗಾದಲ್ಲೂ ಸೋಡಿಯಂ ಇದೆಯಾ?

ಇಂಜಿನಿಯರ್: ಇಲ್ಲ. ಭಾರಜಲ.

ಇಂಡಿ: ಕೂಡಗಿ ಪಕ್ಕಾ ಕಲ್ಲಿದ್ದಲಾ ಸರ್?

ಇಂಜಿನಿಯರ್: ಮೇಲೆ ಓದಿ.

ಮುದ್ದೇಬಿಹಾಳ: ಸರ್, ಒಣ ಗೋಣಿ ಆದರೆ ನಡೆಯುತ್ತಾ?

ಇಂಜಿನಿಯರ್: ಗೋಣಿನೂ ಹೊತ್ತಿಕೊಳ್ಳುತ್ತೆ ರೀ. ಆ ಫಾರ್ವರ್ಡ್ ಅಳಿಸಿದ್ರಾ ಇಲ್ವಾ?