ಆದ್ದರಿಂದ ಮಕ್ಕಳೇ...

ನಮ್ಮ ಏಳನೇ ಕ್ಲಾಸ್ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಬಿಟ್ರೆ ಬೇರೆಂತದೂ ಬರ್ತಿರ್ಲಿಲ್ಲ, ಹೋದ ತಿಂಗಳು ಯಾರಿಗೋ ಇದ್ದಕ್ಕಿದ್ದ ಹಾಗೆ ಊರಿನ ಶಾಲೆ ಮೇಲೆ ಪ್ರೀತಿ ಉಕ್ಕಿ 6000 ರೂಪಾಯಿ ಒಟ್ಟಾಯ್ತು. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳಿಗೆ ಪುಸ್ತಕ ಕೊಡ್ಸೋದು ಅಂತ ತೀರ್ಮಾನ. ಯಾವ ಪುಸ್ತಕ ಅಂತ ಕೇಳಿದ್ದೇ ತಡ, 38 ಜನರಲ್ಲಿ 34 ಜನ ನಾಪತ್ತೆ. ಉಳಿದಿದ್ದು ನಾವು ನಾಲ್ವರು, ಅದ್ರಲ್ಲೂ ಗಂಪ ಉಳ್ಕೊಂಡಿದ್ದು ಮೀಟಿಂಗು ಅವನ ಮನೆ ಜಗಲಿ ಮೇಲೇ ಇದ್ದಿದ್ರಿಂದ.

ಹೊರಗೆ ಸಾಗರದ ಮಳೆ, ಒಳಗೆ ಕಷಾಯ, ಹಲಸಿನ ಹಪ್ಪಳ, ಕಾಯಿಚೂರು. ಪ್ರಕಾಶ ಬೆಂಗಳೂರಿಂದ ಲ್ಯಾಪ್‌ಟಾಪ್ ತಂದಿದ್ದ, ಅದ್ರಲ್ಲೊಂದು ಎಕ್ಸೆಲ್ ಶೀಟು. ವಯಸ್ಸು, ಪುಟ, ಬೆಲೆ, ಮೌಲ್ಯ ಅಂತ ಕಾಲಂ.

"ಬೆಲೆ ಆಗ್ಲೇ ಹಾಕಿದ್ಯಲ್ಲ, ಮತ್ತೆ ಮೌಲ್ಯ ಎಂತಕ್ಕೆ? ಜಿಎಸ್‌ಟಿ ಸೇರಿಸಿಯಾ?" ಅಂದ ಗಂಪ.

"ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಮಾರಾಯ. ಮೌಲ್ಯ ಅಂದ್ರೆ ನೀತಿ. ಆ ಪುಸ್ತಕದಿಂದ ಮಗು ಎಂತ ಕಲಿಯುತ್ತೆ ಅಂತ."

"ನೀನು ಏಳನೇ ಕ್ಲಾಸಲ್ಲಿ ಎಂತ ಕಲಿತಿದ್ದೆ?"

ಪ್ರಕಾಶ ಹಪ್ಪಳ ಮುರಿದ.

ಶೈಲಾ ಹೈಸ್ಕೂಲ್ ಟೀಚರ್, ಹಾಗಾಗಿ ಅವಳು ಮಾತಾಡಿದ್ರೆ ನಾವೆಲ್ಲ ನೆಟ್ಟಗೆ ಕೂರ್ತೀವಿ, ಹಳೇ ಅಭ್ಯಾಸ. ಪುಸ್ತಕ ಮಗುವಿಗೆ ಕಷ್ಟವಾ ಸುಲಭವಾ ನೋಡಕ್ಕೆ ಒಂದು ಐದು ಬೆರಳಿನ ಲೆಕ್ಕ ಇದೆ, ಮಧ್ಯದ ಯಾವ್ದಾದ್ರೂ ಪುಟ ತೆಗೆದು ಓದಕ್ಕೆ ಹೇಳೋದು, ಗೊತ್ತಿಲ್ದಿರೋ ಪದ ಬಂದಾಗೆಲ್ಲ ಒಂದು ಬೆರಳು ಮಡಚೋದು, ಒಂದೇ ಪುಟಕ್ಕೆ ಐದೂ ಮಡಚಿದ್ರೆ ಆ ಪುಸ್ತಕ ಸದ್ಯಕ್ಕೆ ಬೇಡ ಅಂತ ಅರ್ಥ, ಅಂದ್ಲು. ಚೆನ್ನಾಗಿದ್ಯಲ್ಲ ಅಂತ ಗಂಪನ ಮೇಲೇ ಪ್ರಯೋಗ ಮಾಡಿದ್ವಿ. ಕೈಗೆ ಸಿಕ್ಕಿದ್ದು ಅವನ ತೋಟದ ಪಹಣಿ. ಎರಡನೇ ಸಾಲಿಗೇ ಒಂದು ಕೈ ಮುಷ್ಟಿ ಆಯ್ತು.

"ಇದು ಸರ್ಕಾರದ ಕನ್ನಡ, ಇದಕ್ಕೆ ಕಾಲಿನ ಬೆರಳೂ ಸೇರಿಸ್ಬೇಕು" ಅಂದ.

ನಾನು ಪುಸ್ತಕದ ವಿಷಯದಲ್ಲಿ ನೊಂದ ಜೀವ. ಅದೇ ಏಳನೇ ಕ್ಲಾಸಲ್ಲಿ ಭಾಷಣ ಸ್ಪರ್ಧೇಲಿ ಫಸ್ಟ್ ಬಂದಿದ್ದೆ, ಸ್ಟೇಜಿಗೆ ಕರೆದು ಬಣ್ಣದ ಕಾಗದ ಸುತ್ತಿದ ಪುಸ್ತಕ ಕೊಟ್ರು, ದಾರಿ ಉದ್ದಕ್ಕೂ ಬಿಚ್ಚದೆ ಎದೆಗವುಚಿಕೊಂಡು ಬಂದು ಮನೇಲಿ ಬಿಚ್ಚಿ ನೋಡಿದ್ರೆ ತೆಂಗಿನ ಬೇಸಾಯದ ಕೈಪಿಡಿ. ಕಪ್ಪುತಲೆ ಹುಳದ ಬಾಧೆ, ಅದರ ನಿವಾರಣೆ. ಸೆಕೆಂಡ್ ಬಂದ ಪ್ರಕಾಶಂಗೆ ಸ್ಟೀಲ್ ಲೋಟ ಸಿಕ್ಕಿತ್ತು, ಅವರಮ್ಮ ಇವತ್ತಿಗೂ ಅದ್ರಲ್ಲೇ ಕಾಫಿ ಕುಡೀತಾರೆ.

ಇನ್ನು ಆ ಶಾಲೆಯ ಲೈಬ್ರರಿ ಅಂದ್ರೆ ಒಂದು ಬೀರು. ಕೀ ಹೆಡ್ ಮಾಸ್ಟರ ಹತ್ರ. ಗಾಜಿನಾಚೆಯಿಂದ ಪುಸ್ತಕದ ಬೆನ್ನು ನೋಡಬಹುದಿತ್ತು ಅಷ್ಟೆ, ಒಳಗೆ ಹೋಗಿ ಓದಿದ್ದು ಗೆದ್ದಲು ಮಾತ್ರ. ಹಾಗಾಗಿ ಪ್ರಕಾಶ, ಈ ಸಲ ಬೀರು ಬೇಡ, ಕ್ಲಾಸಲ್ಲೇ ಹಗ್ಗ ಕಟ್ಟಿ ಪುಸ್ತಕ ನೇತು ಹಾಕೋಣ, ಮಕ್ಕಳು ಬೇಕಾದಾಗ ತಗೊಳ್ಳಲಿ ಅಂದ.

"ಮಳೆಗಾಲದಲ್ಲಿ ಹಗ್ಗಕ್ಕೆ ಹಾಕಿದ ಚಡ್ಡಿನೇ ಒಣಗಲ್ಲ, ಪುಸ್ತಕ ಹಾಕ್ತಾನಂತೆ" ಅಂದ ಗಂಪ. ಮಲೆನಾಡಲ್ಲಿ ಹುಟ್ಟಿ ಇಷ್ಟು ಬೇಗ ಬೂಸ್ಟು ಹಿಡಿಯೋದು ಮರೆತನಲ್ಲ ಈ ಪ್ರಕಾಶ.

ಸರಿ, ಪಟ್ಟಿ. ತೇಜಸ್ವಿ ಇಲ್ದೆ ಪಟ್ಟಿನೇ ಇಲ್ಲ ಅನ್ನೋದಕ್ಕೆ ಯಾರದೂ ತಕರಾರಿರ್ಲಿಲ್ಲ. 'ಪರಿಸರದ ಕತೆ' ಆರನೇ ಕ್ಲಾಸಿನವರೂ ಓದ್ತಾರೆ, ನಾಯಿ, ಮೀನು, ಶಿಕಾರಿ, ಕಿಲಾಡಿ ಜನ, ಎಲ್ಲ ಇದೆ. 'ಕರ್ವಾಲೊ' ಎಂಟನೇ ಕ್ಲಾಸಿಗೆ ಇರಲಿ ಅಂದ್ಲು ಶೈಲಾ. ಪ್ರಕಾಶ, ಅದು ದೊಡ್ಡವರ ಕಾದಂಬರಿ ಅಲ್ವಾ ಅಂತ ರಾಗ ಎಳೆದ. ಗಂಪಂದು ಬೇರೆಯದೇ ಪ್ರಶ್ನೆ:

"ಅದ್ರಲ್ಲಿ ಎಂತ ಇದೆ?"

"ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ."

"ಅದನ್ನ ಹುಡುಕಕ್ಕೆ ಒಂದು ಪುಸ್ತಕ ಪೂರ್ತಿ ಬೇಕಾ? ನನ್ ತೋಟಕ್ಕೆ ಬಂದ್ರೆ ಬಿಸಿಲು ಬಿದ್ದ ತಕ್ಷಣ ಅಡಿಕೆ ಮರದಿಂದ ಅಡಿಕೆ ಮರಕ್ಕೆ ಹಾರೋದು ತೋರಿಸ್ತಿದ್ದೆ, ಪುಕ್ಕಟೆ."

ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ನಾನು ಹೇಳಿದ್ದು. 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ ಅಂತ ಪ್ರಕಾಶ ಶೀಟಲ್ಲಿ ಬರ್ಕೊಂಡ. ಗಂಪ ಪುರಸ್ಕಾರ ಕೇಳಿಸ್ಕೊಳ್ಳಲಿಲ್ಲ, ಹೆಸರು ಕೇಳಿಸ್ಕೊಂಡ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಹಿನ್ನೀರು ಏರಿದಾಗ ಅವರಜ್ಜ ಮನೆ ಬಾಗಿಲು, ಕಂಬ, ತೊಟ್ಟಿಲು ಎಲ್ಲ ಗಾಡಿಗೆ ಹೇರ್ಕೊಂಡು ಈ ಕಡೆ ಬಂದವರು. ನಾವು ಒರಗಿ ಕೂತಿದ್ದ ಕಂಬ ಅದೇ. "ಅದು ಎರಡು ಕಾಪಿ ತಗೊಳಿ" ಅಂದ, ಮತ್ತೆ ಸ್ವಲ್ಪ ಹೊತ್ತು ಎಂತದೂ ಮಾತಾಡ್ಲಿಲ್ಲ. ಗಂಪ ಸುಮ್ನಿದ್ದಿದ್ದು ಆ ದಿನ ಅದೊಂದೇ ಸಲ.

'ತೊತ್ತೋಚಾನ್' ಬಗ್ಗೆ ಚರ್ಚೆನೇ ಇಲ್ಲ, ರೈಲು ಡಬ್ಬಿಯಲ್ಲಿ ಶಾಲೆ ನಡೆಸ್ತಾರೆ ಅಂದ ಕೂಡ್ಲೆ ಪಾಸು. ತಾಳಗುಪ್ಪದಲ್ಲಿ ರೈಲು ಸುಮ್ನೆ ನಿಂತಿರುತ್ತಲ್ಲ ಅಲ್ಲೇ ಒಂದು ಕ್ಲಾಸ್ ಮಾಡು ಅಂತ ಶೈಲಾಗೆ ಸಲಹೆನೂ ಸಿಕ್ತು. ಪತ್ತೇದಾರಿ ಬೇಕು ಅಂತ ಗಂಪ ಹಠ ಹಿಡಿದ, ಅವನು ಅಕ್ಷರ ಕಲಿತಿದ್ದು ಶಾಲೇಲಾದ್ರೂ ಓದೋದು ಕಲಿತಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ, ಅದೂ ಗಣಿತದ ಪುಸ್ತಕದೊಳಗೆ ಇಟ್ಕೊಂಡು. ಹಾಗೆ ಇಟ್ಕೊಂಡು ಓದೋ ಅಂಥದ್ದೇ ಒಳ್ಳೇ ಪುಸ್ತಕ, ಬೇಕಾದ್ರೆ ಶೀಟಲ್ಲಿ ಬರ್ಕೊ ಅಂದ.

ಇಷ್ಟೆಲ್ಲ ಆಗೋವಾಗ ಶೈಲಾಳ ಮಗಳು ಅನು ಅಲ್ಲೇ ಮೂಲೇಲಿ ಹಪ್ಪಳ ತಿಂತಾ ಕೂತಿದ್ಲು. ಏಳನೇ ಕ್ಲಾಸು. ಎರಡು ಗಂಟೆಯಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಎಂತ ಇಷ್ಟ ಅಂತ ಕಚ್ಚಾಡ್ತಿದ್ದೀವಿ, ಒಬ್ಬರಿಗೂ ಅವಳನ್ನ ಕೇಳ್ಬೇಕು ಅಂತ ಹೊಳೀಲಿಲ್ಲ. ಪ್ರಕಾಶ ಸ್ಯಾಂಪಲ್‌ಗೆ ಅಂತ ತಂದಿದ್ದ 12 ಪುಸ್ತಕ ಅವಳ ಮುಂದೆ ಇಟ್ವಿ. ಹುಡುಗಿ ಮುಖಪುಟ ನೋಡಿ ಮೂರನ್ನ ಪಕ್ಕಕ್ಕಿಟ್ಲು.

"ಯಾಕೆ?"

"ಪುಟಾಣಿಗಳಿಗೆ, ಚಿಣ್ಣರಿಗೆ ಅಂತ ಬರೆದಿದೆ. ನಾವೇನು ಪುಟಾಣಿನಾ? ಇದನ್ನ ಹಿಡ್ಕೊಂಡು ಓಡಾಡಿದ್ರೆ ಕ್ಲಾಸಲ್ಲಿ ಮರ್ಯಾದೆ ಹೋಗುತ್ತೆ."

ಆಮೇಲೆ ಉಳಿದಿದ್ದನ್ನ ಒಂದೊಂದೇ ತಿರುಗಿಸಿ ಕೊನೇ ಪುಟ ನೋಡ್ತಾ ಬಂದ್ಲು. ಇನ್ನೂ ಐದು ಪಕ್ಕಕ್ಕೆ ಹೋಯ್ತು.

"ಇದಕ್ಕೆಂತ ಆಯ್ತು?" ಪ್ರಕಾಶನ ದನಿ ಸಣ್ಣಗಾಗಿತ್ತು, ಮೌಲ್ಯದ ಕಾಲಮ್ಮಲ್ಲಿ ಹತ್ತಕ್ಕೆ ಹತ್ತು ಬಿದ್ದಿದ್ದವೆಲ್ಲ ಅವೇ.

"ಕೊನೇಲಿ 'ಆದ್ದರಿಂದ ಮಕ್ಕಳೇ' ಅಂತ ಇದೆ ಅಂಕಲ್. ಅದಿದ್ರೆ ಮುಂಚೆನೇ ಗೊತ್ತಾಗತ್ತೆ, ಸುಳ್ಳು ಹೇಳಿದವ್ನು ಬಾವಿಗೆ ಬೀಳ್ತಾನೆ."

ಗಂಪ ಎದ್ದು ಹೋಗಿ ಅವಳಿಗೆ ಇನ್ನೊಂದು ತಟ್ಟೆ ಹಪ್ಪಳ ತಂದ.

ಉಳಿದ ನಾಲ್ಕರಲ್ಲಿ ಒಂದು ಆರಿಸು ಅಂದ್ರೆ ಚಿರತೆ ಶಿಕಾರಿಯ ಪುಸ್ತಕ ಎತ್ಕೊಂಡು ಕಂಬದ ಹತ್ರ ಹೋಗಿ ಕೂತ್ಲು, ಮತ್ತೆ ಹೊರಡೋವರೆಗೂ ತಲೆ ಎತ್ತಲಿಲ್ಲ. ಮುಂದಿನ ಭಾನುವಾರ ಪ್ರಕಾಶನ ಶೀಟಲ್ಲಿ ಮೌಲ್ಯದ ಕಾಲಂ ಇರ್ಲಿಲ್ಲ, ಅದರ ಜಾಗದಲ್ಲಿ 'ಅನು' ಅಂತ ಒಂದು ಕಾಲಂ, ಹೌದು-ಇಲ್ಲ ಅಷ್ಟೆ. ಪುಸ್ತಕ ತಂದಾಯ್ತು, ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿನೂ ತಂದಾಯ್ತು, ಬೀಗ ಮಾತ್ರ ತರ್ಲಿಲ್ಲ. ಆದ್ರೆ ಶಾಲೆಗೆ ಇನ್ನೂ ತಲುಪಿಲ್ಲ, ಯಾಕಂದ್ರೆ 'ಕರ್ವಾಲೊ' ಒಂದು ಕಾಪಿ ಕಮ್ಮಿ. ಓತಿ ವಿಷಯ ಸರಿಯಾಗಿ ಬರೆದಿದಾರಾ ಇಲ್ವಾ ನೋಡಿ ಕೊಡ್ತೀನಿ ಅಂತ ಗಂಪ ಒಯ್ದಿದ್ದು. ನಿನ್ನೆ ರಾತ್ರಿ ಶೈಲಾ ಗ್ರೂಪಲ್ಲಿ ಕೇಳಿದ್ಲು, ಗಂಪ ಪುಸ್ತಕ ಎಲ್ಲಿ ಅಂತ. ಬೆಳಿಗ್ಗೆ ಗುಡ್ ಮಾರ್ನಿಂಗ್ ಸಾಲಿನ ಮಧ್ಯೆ ಅವನ ಉತ್ತರ ಬಿದ್ದಿತ್ತು:

"ತಡಿ ಮಾರಾಯ್ತಿ, ಇನ್ನೂ ಓತಿ ಸಿಕ್ಕಿಲ್ಲ."