ಬೋಟಿನ ತಳ ನೀರಿನಲ್ಲೇ ತೊಳೆಸಬೇಕೋ, ಜೂನ್‌ವರೆಗೆ ಕಾಯಬೇಕೋ?

ಪಡುಗಡಲು:
ಮಲ್ಪೆಯ ಸ್ಟೀಲ್ ಟ್ರಾಲ್ ಬೋಟು, 70 ಅಡಿ. ಜೂನ್-ಜುಲೈಯ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಸ್ಲಿಪ್‌ವೇಗೆ (ಬೋಟನ್ನು ದಡಕ್ಕೆ ಎಳೆಯುವ ಇಳಿಜಾರು) ಎಳೆದು, ತಳಕ್ಕೆ ಲೋಳೆ, ಚಿಪ್ಪು ಅಂಟದಂತೆ ತಡೆಯುವ ತಾಮ್ರದ ಆ್ಯಂಟಿಫೌಲಿಂಗ್ ಪೇಂಟ್ ಬಳಿದು ಆಗಸ್ಟ್‌ನಲ್ಲಿ ಇಳಿಸಿದ್ದು. ಆಗ 1500 ಆರ್‌ಪಿಎಂಗೆ 9 ನಾಟ್ ಬರುತ್ತಿತ್ತು. ಈಗ ಜನವರಿಯಲ್ಲಿ ಅಷ್ಟೇ ಆರ್‌ಪಿಎಂಗೆ 8.5 ದಾಟುತ್ತಿಲ್ಲ, ಎಂಜಿನ್ ಬಿಸಿಯೂ ಸ್ವಲ್ಪ ಏರಿದೆ. ಡೈವರ್ ಇಳಿಸಿ ಉಜ್ಜಿಸಿದರೆ ಪೇಂಟ್ ಹೋಗುವುದಿಲ್ಲವೇ? ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು? ಇಳಿದವರು ಏನೇನು ನೋಡಿ ಹೇಳಬೇಕು?

ಎಂಜಿನ್‌ರೂಮ್:
ಮೊದಲು ಅಳತೆ ಸರಿಯಿದೆಯೇ ನೋಡಿ. ಬೋಟಿನ ತೂಕ ಒಂದೇ ಆಗುವಂತೆ ಐಸ್, ಡೀಸೆಲ್ ಆಗಸ್ಟ್‌ನಲ್ಲಿದ್ದಷ್ಟೇ ಇರಲಿ. ಒಂದೇ ಆರ್‌ಪಿಎಂನಲ್ಲಿ ಹೋಗುತ್ತಾ ಒಮ್ಮೆ, ಬರುತ್ತಾ ಒಮ್ಮೆ ಜಿಪಿಎಸ್ ವೇಗ ಬರೆದು ಸರಾಸರಿ ತೆಗೆಯಿರಿ. ಹಾಗೆ ಮಾಡದಿದ್ದರೆ ನೀರಿನ ಸೆಳೆತವೇ ಅರ್ಧ ನಾಟ್ ಏರುಪೇರು ತೋರಿಸುತ್ತದೆ.

ಸರಾಸರಿಯೂ 8.5 ಬಂದರೆ ವಿಷಯ ಸಣ್ಣದಲ್ಲ. ಬೇಕಾಗುವ ಶಕ್ತಿ ಸುಮಾರಾಗಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 9 ಭಾಗಿಸು 8.5, ಅದರ ಘನ 1.19. ಅಂದರೆ ಹಳೆಯ 9 ನಾಟ್ ಬೇಕೆಂದು ಥ್ರಾಟಲ್ ಒತ್ತಿದರೆ ಎಂಜಿನ್ ಮೇಲೆ ಸುಮಾರು 19 ಶೇಕಡಾ ಹೆಚ್ಚು ಹೊರೆ. ಆ ಹೊರೆಯಷ್ಟೂ ಡೀಸೆಲ್ಲೇ.

ಬಿಸಿ ಏರಿದ್ದಕ್ಕೆ ಹೊರೆ ಒಂದು ಕಾರಣ. ಇನ್ನೊಂದು, ಕಡಲ ನೀರು ಎಳೆಯುವ ಜಾಲರಿಯಲ್ಲಿ ಚಿಪ್ಪು ಕಟ್ಟಿರಬಹುದು. ವಾಲ್ವ್ ಮುಚ್ಚಿ ಸ್ಟ್ರೇನರ್ (ಒಳಬರುವ ನೀರು ಸೋಸುವ ಡಬ್ಬಿ) ಬಿಚ್ಚಿ. ಅದರಲ್ಲಿ ಒಡೆದ ಚಿಪ್ಪಿನ ಚೂರು ಸಿಕ್ಕಿದರೆ ಪೈಪಿನ ಒಳಗೂ ಬೆಳೆದಿರಬಹುದು. ಕೀಲ್ ಕೂಲರ್ (ಎಂಜಿನ್ ನೀರು ತಂಪಾಗಲು ಬೋಟಿನ ತಳದ ಹೊರಗೆ ಹಾಕಿದ ಪೈಪುಗಳು) ಇರುವ ಬೋಟಾದರೆ ಅದರ ಪೈಪುಗಳ ಸಂದಿಯನ್ನು ಡೈವರ್ ನೋಡಲೇಬೇಕು.

ದಕ್ಕೆಬದಿ:
ಜೂನ್‌ವರೆಗೆ ಕಾಯಬೇಡಿ. ಆದರೆ ಜನವರಿಯವರೆಗೆ ಬಿಟ್ಟದ್ದೂ ತಡವೇ ಆಯಿತು. ಮೊದಲು ಕೂರುವುದು ಲೋಳೆ, ಬೆರಳಿಂದ ಉಜ್ಜಿದರೂ ಹೋಗುವಂಥದ್ದು. ಅದರ ಹಿಂದೆಯೇ ಬಾರ್ನಕಲ್ ಎಂಬ ಚಿಪ್ಪುಜೀವಿಯ ಮರಿ ಬಂದು ಅಂಟುತ್ತದೆ. ಸಾಸಿವೆಯಷ್ಟಿರುವಾಗ ಪ್ಲಾಸ್ಟಿಕ್ ಪಟ್ಟಿಗೇ ಉದುರುತ್ತದೆ. ಬೆರಳುಗುರಿನಷ್ಟಾದ ಮೇಲೆ ಚಿಪ್ಪು ಒಡೆದರೂ ಬಿಳಿ ಬಳೆಯಂಥ ತಳ ಪೇಂಟಿಗೇ ಕಚ್ಚಿಕೊಂಡಿರುತ್ತದೆ. ಅದನ್ನು ಎಬ್ಬಿಸಹೋದರೆ ಪೇಂಟೂ ಎದ್ದು ಬರುತ್ತದೆ. ಪೇಂಟ್ ಹೆಚ್ಚು ಕೆಡುವುದು ಆಗಾಗ ಮೆತ್ತಗೆ ತೊಳೆಯುವುದರಿಂದಲ್ಲ, ತಡವಾಗಿ ತೊಳೆಯುವುದರಿಂದ.

ನಮ್ಮ ಬಂದರುಗಳಲ್ಲಿ ಹೆಚ್ಚಿನವು ಅಳಿವೆಯಲ್ಲೇ ಇರುವುದು. ಮಳೆಗಾಲದ ಸಿಹಿನೀರಿಗೆ ಬೆಳವಣಿಗೆ ತಗ್ಗಿರುತ್ತದೆ, ಮಳೆ ನಿಂತು ನೀರು ಮತ್ತೆ ಉಪ್ಪಾದ ಮೇಲೆ ಜೋರು. ಹಾಗಾಗಿ ಅಕ್ಟೋಬರ್‌ನಿಂದ ತಿಂಗಳಿಗೊಮ್ಮೆ ಇಳಿದು ನೋಡಿಸಿ, ಲೋಳೆ ಮಾತ್ರ ಇದ್ದರೆ ಸ್ಪಂಜಿನಲ್ಲಿ ಒರೆಸಿದರೆ ಸಾಕು. ಹದಿನೈದು ದಿನ ದಕ್ಕೆಯಲ್ಲೇ ಕಟ್ಟಿದ್ದ ಬೋಟನ್ನಂತೂ ಹೊರಡುವ ಮುಂಚೆ ನೋಡಲೇಬೇಕು. ಓಡುವಾಗ ತಾನೇ ಸವೆದು ಹೊಸ ಪದರ ತೋರುವ ಜಾತಿಯ ಪೇಂಟಿಗೆ ಓಟ ಬೇಕು, ನಿಂತ ಬೋಟಿಗೇ ಚಿಪ್ಪು ಹೆಚ್ಚು.

ಲೋಳೆಗೆ ಸ್ಪಂಜು ಅಥವಾ ಮೆತ್ತನೆಯ ಬಟ್ಟೆ, ಚಿಪ್ಪಿಗೆ ನೈಲಾನ್ ಬ್ರಷ್ ಮತ್ತು ಪ್ಲಾಸ್ಟಿಕ್ ಪಟ್ಟಿ. ಕಬ್ಬಿಣದ ಪಟ್ಟಿ ಪ್ರೊಪೆಲ್ಲರ್‌ಗೆ ಮಾತ್ರ, ಅದೂ ಅಡ್ಡಡ್ಡ ಹಿಡಿದು, ಅಂಚಿಗೆ ಗಾಯವಾಗದ ಹಾಗೆ. ಉಜ್ಜುವಾಗ ನೀರಿನಲ್ಲಿ ಪೇಂಟಿನ ಬಣ್ಣದ ಮೋಡ ಎದ್ದರೆ ಕೈ ನಿಲ್ಲಿಸಿ, ಹೋಗುತ್ತಿರುವುದು ಪೇಂಟ್. ಫಿಶ್ ಫೈಂಡರ್ ಸೆನ್ಸರ್‌ಗೆ ಬಟ್ಟೆ ಬಿಟ್ಟು ಬೇರೇನೂ ಬೇಡ. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಪ್ರೊಪೆಲ್ಲರ್ ಒಂದನ್ನಾದರೂ ತೊಳೆಸಿ. ಕೊಟ್ಟ ಹಣಕ್ಕೆ ಹೆಚ್ಚು ವೇಗ ಮರಳಿ ಸಿಗುವುದು ಅಲ್ಲೇ.

ಇನ್ನೊಂದು ಮಾತು, ಇದು ಜೀವದ ವಿಷಯ. ಡೈವರ್ ನೀರಿಗಿಳಿಯುವ ಮುಂಚೆ ಬ್ಯಾಟರಿ ಸ್ವಿಚ್ ಆಫ್ ಆಗಿ, ಎಂಜಿನ್ ಕೀ ಡೈವರ್ ಕಡೆಯವರ ಕಿಸೆಯಲ್ಲಿರಬೇಕು. ಡೈವರ್‌ಗೆ ಉಸಿರಾಡಲು ಗಾಳಿ ಕಳಿಸುವ ಕಂಪ್ರೆಸರ್ ಗಾಳಿ ಎಳೆಯುವ ಬಾಯಿ ಯಾವ ಎಂಜಿನ್ನಿನ ಹೊಗೆಯ ಹತ್ತಿರವೂ ಇರಬಾರದು. ಭರತ ಇಳಿತಗಳ ನಡುವೆ ನೀರು ನಿಂತ ಹೊತ್ತು ನೋಡಿ ಇಳಿಯಲಿ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲಿ.

ಪಡುಗಡಲು:
ಉಪಕಾರ ಅಣ್ಣ. ಜಿಂಕ್ (ತಳದ ಸ್ಟೀಲ್ ಸವೆಯದಂತೆ ಹಾಕುವ ಸತುವಿನ ತುಂಡು) ವಿಷಯ ಯಾರೂ ಹೇಳಲಿಲ್ಲ. ನಮ್ಮದು ಆಗಸ್ಟ್‌ನಲ್ಲಿ ಹಾಕಿದ ಹಾಗೇ ಇದೆಯಂತೆ. ಒಳ್ಳೆಯದೇ ಅಲ್ಲವೇ?

ಎಂಜಿನ್‌ರೂಮ್:
ಒಳ್ಳೆಯದಲ್ಲ. ಜಿಂಕ್ ಇರುವುದೇ ಕರಗುವುದಕ್ಕೆ. ಐದು ತಿಂಗಳಾದರೂ ಕರಗಿಲ್ಲ ಎಂದರೆ ಅದಕ್ಕೂ ಸ್ಟೀಲಿಗೂ ಸಂಪರ್ಕವಿಲ್ಲ, ಇಲ್ಲವೇ ಯಾರೋ ಅದರ ಮೇಲೂ ಪೇಂಟ್ ಬಳಿದಿದ್ದಾರೆ. ಜಿಂಕ್ ಬದಲು ನಿಮ್ಮ ತಳವೇ ಸವೆಯುತ್ತಿರಬಹುದು. ಬೋಲ್ಟಿನ ಬುಡದಲ್ಲಿ ತುಕ್ಕಿದೆಯೇ ಎಂದು ಡೈವರ್ ನೋಡಲಿ. ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಸೆಲ್ (ನೀರಿಗೆ ಇಳಿಸಿ ಸ್ಟೀಲಿನ ವೋಲ್ಟೇಜ್ ಹೋಲಿಸುವ ಸಾಧನ) ಇರುವವರಿಂದ ಮಲ್ಟಿಮೀಟರ್‌ನಲ್ಲಿ ಅಳೆಸಿದರೆ ಸ್ಟೀಲು ಮೈನಸ್ 800 ಮಿಲಿವೋಲ್ಟ್ ಅಥವಾ ಅದಕ್ಕೂ ಕೆಳಗೆ ತೋರಿಸಬೇಕು. ಜಿಂಕ್ ಅರ್ಧ ಕರಗಿದ್ದರೆ ಬದಲಿಸಿ. ಒಂದೆರಡು ತಿಂಗಳಲ್ಲೇ ಪೂರ್ತಿ ಮಾಯವಾದರೆ ವೈರಿಂಗ್‌ನಲ್ಲಿ ಕರೆಂಟ್ ಸೋರುತ್ತಿದೆಯೇ ಹುಡುಕಿ.

ಅದೇ ಮುಳುಗಿನಲ್ಲಿ ಡೈವರ್ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಿಸಲಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಬೇರಿಂಗ್ ಸವೆದಿದೆ. ಪ್ರೊಪೆಲ್ಲರ್‌ಗೂ ಸ್ಟರ್ನ್ ಟ್ಯೂಬಿಗೂ (ಶಾಫ್ಟ್ ಹೊರಬರುವ ಕೊಳವೆ) ನಡುವೆ ಬಲೆಯ ನೂಲು ಸುತ್ತಿದೆಯೇ ನೋಡಲಿ. ಅಲ್ಲಿ ಬಿಗಿದ ನೈಲಾನ್ ಬಿಸಿಗೆ ಕರಗಿ ಗಟ್ಟಿಯಾಗುತ್ತದೆ, ಆಮೇಲೆ ಶಾಫ್ಟಿನ ಸೀಲ್ ಕೆಟ್ಟು ನೀರು ಒಳಗೆ ಬರಬಹುದು. ಚುಕ್ಕಾಣಿಯ ಪಿನ್ನು, ವೆಲ್ಡಿಂಗ್ ಗೆರೆ, ಟ್ರಾಲ್ ಬೋರ್ಡ್ (ಬಲೆಯ ಬಾಯಿ ಅಗಲಿಸುವ ಹಲಗೆ) ಬಡಿಯುವ ಜಾಗ, ಎಲ್ಲದರ ಫೋಟೋ ಪ್ರತಿ ಸಲ ಅದೇ ಕೋನದಲ್ಲಿ ತೆಗೆಸಿ.

ಸ್ಲಿಪ್‌ವೇ ಕೆಲಸ:
ಜೂನ್‌ಗೆ ಎಳೆದಾಗ ಎರಡು ಮಾತು ನೆನಪಿರಲಿ. ಮೇಲೆ ಬಂದ ದಿನವೇ, ತಳ ಒದ್ದೆಯಿರುವಾಗಲೇ ಪ್ರೆಶರ್ ವಾಶ್ ಮಾಡಿ, ಒಣಗಿದರೆ ಕೆಲಸ ಮೂರು ಪಟ್ಟು. ಉಪ್ಪು ಹೋಗಲು ಕೊನೆಗೆ ಸಿಹಿನೀರು. ಪೇಂಟ್ ಹೊಡೆಯುವಾಗ ಸ್ಟೀಲಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಹನಿಯಾಗುವ ಉಷ್ಣತೆ) 3 ಡಿಗ್ರಿ ಸೆಲ್ಸಿಯಸ್ ಆದರೂ ಮೇಲಿರಬೇಕು. ನಮ್ಮ ಮಳೆಗಾಲದಲ್ಲಿ ಅದು ಕಷ್ಟ. ಟಾರ್ಪಾಲು ಕಟ್ಟಿ, ಹೊಳವಾದ ಮಧ್ಯಾಹ್ನ ನೋಡಿ ಬಳಿಯಬೇಕು. ಬೆವರಿದ ಸ್ಟೀಲಿಗೆ ಬಳಿದದ್ದು ದೀಪಾವಳಿಗೇ ಹಾಳೆಹಾಳೆಯಾಗಿ ಏಳುತ್ತದೆ. ಕಬ್ಬಿಣ ಕಂಡ ಜಾಗಕ್ಕೆ ನೇರ ತಾಮ್ರದ ಪೇಂಟ್ ಬೇಡ, ಅಡಿಯಲ್ಲಿ ಎಪಾಕ್ಸಿ ಪೇಂಟಿನ ಪದರ ಇರಲಿ, ಇಲ್ಲದಿದ್ದರೆ ಅಲ್ಲೇ ಗುಳಿ ಬೀಳುತ್ತದೆ.

ಬೋಟು ಕೂತ ಮರದ ದಿಮ್ಮಿಗಳ ಜಾಗಕ್ಕೆ ಪೇಂಟ್ ತಾಗುವುದೇ ಇಲ್ಲ. ಚಿಪ್ಪು ಮೊದಲು ಕೂರುವುದೂ ಅಲ್ಲಿಯೇ. ದಿಮ್ಮಿ ಎಲ್ಲೆಲ್ಲಿತ್ತು ಎಂದು ಬರೆದಿಟ್ಟು ಮುಂದಿನ ವರ್ಷ ಒಂದಡಿ ಆಚೀಚೆ ಸರಿಸಿ ಕೂರಿಸಿ, ಈಗ ಇಳಿಯುವ ಡೈವರ್‌ಗೂ ಆ ಚೀಟಿ ಕೊಡಿ.